ಲಾಯದಲ್ಲಿ ಸೀಳಿದ ತೋಟಾ

ಮಳೆ ನಿಂತಿತ್ತು. ತಿಂಗಳುಗಟ್ಟಲೆ ಕೆಸರಾಗಿದ್ದ ದಾರಿಗಳು ಗಟ್ಟಿಯಾಗುತ್ತ ಬಂದಿದ್ದವು. ಬ್ರಿಟಿಷ್ ಭಾರತದ ದಂಡಿನಲ್ಲಿ ಕವಾಯತು ಮತ್ತೆ ಶುರುವಾಗುವ ಕಾಲ. ಮಳೆಗಾಲ ಕಳೆಯಲೆಂದು ಕುದುರೆ ಲಾಯದಲ್ಲಿ ಪೇರಿಸಿಟ್ಟಿದ್ದ ಮದ್ದುಗುಂಡಿನ ಪೆಟ್ಟಿಗೆಗಳನ್ನು ಹೊರಗೆಳೆದು ಮುಚ್ಚಳ ಎಬ್ಬಿಸಿದರು. ತೋಟಾಗಳು ಇಟ್ಟ ಹಾಗೇ ಇದ್ದವು. ಒಂದನ್ನೂ ಹಾರಿಸಿರಲಿಲ್ಲ. ಆದರೆ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರೆ ಹಿತ್ತಾಳೆಯ ಕತ್ತಿನ ಮೇಲೆ ಕೂದಲೆಳೆಯಂಥ ಗೆರೆಯೊಂದು ಕಾಣುತ್ತಿತ್ತು. ಉಗುರಿನಿಂದ ಕೆರೆದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಅದು ಗೆರೆಯಲ್ಲ, ಸೀಳು. ಗುಂಡನ್ನು ಬಿಗಿಯಾಗಿ ಕಚ್ಚಿ ಹಿಡಿದಿದ್ದ ಬಾಯಂಚಿನಿಂದ ಹೊರಟು ಕೆಳಕ್ಕೆ ಇಳಿದಿತ್ತು. ಪಕ್ಕದ ತೋಟಾದಲ್ಲೂ ಅಂಥದೇ ಒಂದು. ಅದರಾಚೆಯದರಲ್ಲೂ ಮತ್ತೊಂದು.

ನೋಡಲು ಸಣ್ಣ ಗಾಯ. ಆದರೆ ತೋಟಾದ ಚಿಪ್ಪಿನ ಕೆಲಸ ಗೊತ್ತಿದ್ದವರಿಗೆ ಅದು ಸಣ್ಣದಾಗಿ ಕಾಣುವಂತಿರಲಿಲ್ಲ. ಕೋವಿಯೊಳಗೆ ಮದ್ದು ಉರಿದಾಗ ಈ ಹಿತ್ತಾಳೆ ಚಿಪ್ಪು ಕಣ್ಣೆವೆ ಮುಚ್ಚುವುದರೊಳಗೆ ಉಬ್ಬಿ ಕೋವಿಯ ಒಳಗೋಡೆಗೆ ಅಂಟಿಕೊಳ್ಳಬೇಕು, ಹಿಂದಕ್ಕೆ ನುಗ್ಗುವ ಬಿಸಿ ಅನಿಲವನ್ನು ತಡೆಯಬೇಕು, ಮರುಗಳಿಗೆಯಲ್ಲಿ ಚೂರು ಕುಗ್ಗಿ ಸಲೀಸಾಗಿ ಈಚೆ ಬರಬೇಕು. ಬಿರುಕು ಬಿಟ್ಟ ಚಿಪ್ಪು ಈ ಯಾವುದನ್ನೂ ನೆಟ್ಟಗೆ ಮಾಡುವುದಿಲ್ಲ. ಅನಿಲ ಸೋರಿ ಗುರಿಕಾರನ ಮುಖಕ್ಕೇ ಹೊಡೆಯಬಹುದು. ತುಂಡಾದ ಚಿಪ್ಪಿನ ಅರ್ಧ ಒಳಗೇ ಕೂತು ಮುಂದಿನ ತೋಟಾಕ್ಕೆ ಜಾಗವಿಲ್ಲದಂತೆ ಮಾಡಬಹುದು. ಎದುರಿಗೆ ಶತ್ರು ನಿಂತಿರುವಾಗ ಕೋವಿ ಕೈಯಲ್ಲಿದ್ದೂ ದೊಣ್ಣೆಯಾಗುವ ಗಳಿಗೆ ಅದು.

ಈ ದೇಶದಲ್ಲಿ ತೋಟಾ ತಂದಿಟ್ಟ ತಲೆನೋವು ಇದೇ ಮೊದಲಲ್ಲ. 1857ರ ಜನವರಿಯಲ್ಲಿ, ಕಲ್ಕತ್ತೆಯ ಹತ್ತಿರದ ದಂ ದಂನಲ್ಲಿ, ಮದ್ದಿನ ಕಾರ್ಖಾನೆಯ ಕೂಲಿಯೊಬ್ಬ ಬ್ರಾಹ್ಮಣ ಸಿಪಾಯಿಯ ಚೊಂಬಿನಿಂದ ನೀರು ಕೇಳಿದ. ಸಿಪಾಯಿ ಕೊಡಲಿಲ್ಲ. ದನದ ಕೊಬ್ಬು, ಹಂದಿ ಕೊಬ್ಬು ಸವರಿದ ತೋಟಾವನ್ನು ಹಲ್ಲಿನಿಂದ ಕಚ್ಚುವ ದಿನ ಬಂದಾಗ ನಿನ್ನ ಜಾತಿ ಎಲ್ಲಿರುತ್ತದೆ ನೋಡೋಣ ಎಂದು ಆ ಕೂಲಿ ಹಂಗಿಸಿದ. ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ. ಅದರಲ್ಲಿ ಇಲ್ಲಿಗೆ ಬೇಕಾದ ವಿವರ ಒಂದೇ: ಆಗಿನ ತೋಟಾ ಕಾಗದದ್ದು. ಕಚ್ಚಿ ಹರಿಯುವಂಥದ್ದು. ಆ ದಿನ ಅಲ್ಲಿದ್ದ ಹಿತ್ತಾಳೆ ಏನಿದ್ದರೂ ಸಿಪಾಯಿಯ ಚೊಂಬಿನಲ್ಲಿ. ಲಾಯದ ಸೀಳಿನ ಕತೆಯನ್ನು ಹತ್ತೊಂಬತ್ತನೇ ಶತಮಾನದ ಆರಂಭಕ್ಕೆ ಕಟ್ಟಿ ಹೇಳುವವರಿದ್ದಾರೆ. ಅದು ಆಗದ ಮಾತು. ಕಾಗದ ಹರಿಯುತ್ತದೆ, ಒದ್ದೆಯಾಗುತ್ತದೆ, ಸೀಳುಬಿಡುವುದಿಲ್ಲ.

ಹಿತ್ತಾಳೆ ಬಂದದ್ದು ಆಮೇಲೆ. ಲಂಡನ್ನಿನ ಪಕ್ಕದ ವುಲಿಚ್‌ನಲ್ಲಿದ್ದ ಸರಕಾರಿ ಶಸ್ತ್ರಾಗಾರದಲ್ಲಿ ಎಡ್ವರ್ಡ್ ಬಾಕ್ಸರ್ ಎಂಬ ಸೇನಾಧಿಕಾರಿ 1866ರಲ್ಲಿ ಹೊಸ ತೋಟಾ ಒಂದನ್ನು ರೂಪಿಸಿದ. ತೆಳ್ಳನೆಯ ಹಿತ್ತಾಳೆ ಹಾಳೆಯನ್ನು ಬೀಡಿ ಸುತ್ತಿದ ಹಾಗೆ ಸುತ್ತಿ, ಬುಡಕ್ಕೆ ಒಂದು ಬಿಲ್ಲೆ ಸೇರಿಸಿ, ಅದರ ನಡುವೆ ಕೇಪು ಕೂರಿಸಿದ ತೋಟಾ. ಅಗ್ಗವಾಗಿತ್ತು, ಕೆಲಸ ಮಾಡುತ್ತಿತ್ತು. ಆದರೆ ಸುತ್ತಿದ್ದು ಸುತ್ತಿದ್ದೇ. 1885ರ ಸುಡಾನಿನ ಮರಳುಗಾಡಿನಲ್ಲಿ ಕೋವಿಗಳು ಕಾದು, ಮರಳು ಸೇರಿ, ಸುತ್ತಿದ ಚಿಪ್ಪುಗಳು ಒಳಗೇ ಕಚ್ಚಿಕೊಂಡವು. ಹೊರಗೆಳೆಯಲು ಹೋದರೆ ಬುಡ ಮಾತ್ರ ಕಿತ್ತುಬಂದು ಉಳಿದದ್ದು ಒಳಗೇ ನಿಂತಿತು. ಸೈನಿಕರು ಸತ್ತರು. ಸುತ್ತಿದ ಚಿಪ್ಪಿನ ಕಾಲ ಅಲ್ಲಿಗೆ ಮುಗಿಯುತ್ತ ಬಂತು. ಇನ್ನು ಮೇಲೆ ಚಿಪ್ಪು ಇಡಿಯಾಗಿರಬೇಕು, ಒಂದೇ ತುಂಡಿನಿಂದ ಎಳೆದು ಮಾಡಿದ್ದಾಗಿರಬೇಕು ಎಂದಾಯಿತು. 1888ರಲ್ಲಿ ಬಂದ ಪಾಯಿಂಟ್ ಮುನ್ನೂರಾ ಮೂರು ಬೋರಿನ ಲೀ-ಮೆಟ್‌ಫರ್ಡ್ ಕೋವಿಗೆ ಅಂಥದೇ ಚಿಪ್ಪು.

ಈ ಎಳೆಯುವ ಕೆಲಸವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಕತೆಯ ಕಳ್ಳ ಅಡಗಿದ್ದದ್ದು ಅಲ್ಲೇ. ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು ಬೆರೆಸಿದ ಹಿತ್ತಾಳೆ. ದಪ್ಪ ತಗಡಿನಿಂದ ಬಿಲ್ಲೆ ಕತ್ತರಿಸಿದರು. ಪ್ರೆಸ್ಸಿನ ಗೂಟ ಅದನ್ನು ಅಚ್ಚಿನ ತೂತಿನೊಳಕ್ಕೆ ಒತ್ತಿ ಬಟ್ಟಲು ಮಾಡಿತು. ಇನ್ನೂ ಕಿರಿದಾದ ತೂತಿನಲ್ಲಿ ಮತ್ತೆ ಒತ್ತಿದಾಗ ಬಟ್ಟಲು ಉದ್ದವಾಯಿತು, ಗೋಡೆ ತೆಳುವಾಯಿತು. ಹಿತ್ತಾಳೆಯನ್ನು ತಣ್ಣಗಿರುವಾಗ ಬಡಿದಷ್ಟೂ ಎಳೆದಷ್ಟೂ ಅದು ಗಡುಸಾಗುತ್ತದೆ. ಅದಕ್ಕೇ ನಡುನಡುವೆ ಬೆಂಕಿಗಿಟ್ಟು ಹದ ಮಾಡಿದರು. ಪಾತ್ರೆ ಬಡಿಯುವ ಕಂಚುಗಾರನಿಗೂ ಇದು ಗೊತ್ತು. ಬಡಿದು ಬಡಿದು ತಗಡು ಹಟ ಹಿಡಿದಾಗ ಆತ ಸುತ್ತಿಗೆ ಕೆಳಗಿಟ್ಟು ಪಾತ್ರೆಯನ್ನು ಒಲೆಗಿಡುತ್ತಾನೆ. ಕಾರ್ಖಾನೆಯವರೂ ಹಾಗೇ ಮಾಡುತ್ತ ಕೊನೆಗೆ ಬೆರಳುದ್ದದ ಕೊಳವೆ ಪಡೆದರು. ಅದರ ಬಾಯನ್ನು ಅಚ್ಚಿನಲ್ಲಿ ಕಿರಿದಾಗಿಸಿ ಕತ್ತು ಮಾಡಿದರು. ಕೇಪು ಕೂರಿಸಿ, ಮದ್ದು ತುಂಬಿ, ಗುಂಡಿಟ್ಟು, ಬಾಯಂಚನ್ನು ಗುಂಡಿನ ಸುತ್ತ ಒತ್ತಿ ಬಿಗಿದರು. ಚಿನ್ನದ ಹಾಗೆ ಹೊಳೆಯುವ ತೋಟಾ ಸಿದ್ಧವಾಯಿತು. ಕೈಯಲ್ಲಿ ಹಿಡಿದರೆ ಇದಕ್ಕಿಂತ ಗಟ್ಟಿಯಾದದ್ದು, ನಂಬಿಕೆಯದ್ದು ಬೇರೊಂದಿಲ್ಲ ಎನಿಸುವಂಥದ್ದು.

ಆ ನಂಬಿಕೆಯೇ ಹಡಗೇರಿ ಭಾರತಕ್ಕೆ ಬಂತು. ಮಳೆಗಾಲದಲ್ಲಿ ಸೈನ್ಯದ ಓಡಾಟ ಕಡಿಮೆ. ಸರಂಜಾಮನ್ನು ಸೂರಿನಡಿ ಸೇರಿಸಬೇಕು. ದಂಡಿನಲ್ಲಿ ಉದ್ದಕ್ಕೆ ಸೂರಿದ್ದ ಕಟ್ಟಡವೆಂದರೆ ಲಾಯ. ಆಗಿನ ದಂಡು ನಡೆಯುತ್ತಿದ್ದದ್ದೇ ಕುದುರೆಯ ಮೇಲೆ. ಬೆಂಗಳೂರಿನ ದಂಡು ಪ್ರದೇಶಕ್ಕೆ 1896ರಲ್ಲಿ ನಾಲ್ಕನೇ ಹುಸ್ಸಾರ್ ಎಂಬ ಕುದುರೆ ಪಡೆಯ ಜೊತೆ ಬಂದಿಳಿದ ತರುಣ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್‌ಗೂ ದಿನದ ಒಂದು ಪಾಲು ಲಾಯದ ಉಸ್ತುವಾರಿಯಲ್ಲೇ ಹೋಗುತ್ತಿತ್ತು. ಮಳೆಗಾಲದ ಲಾಯ ಹೇಗಿರುತ್ತದೆಂದು ಕೊಟ್ಟಿಗೆಯಿರುವ ಮನೆಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಗಾಳಿಯಾಡುವುದಿಲ್ಲ, ನೆಲ ಆರುವುದಿಲ್ಲ, ಹಾಸಿದ ಹುಲ್ಲು ಕೊಳೆಯುತ್ತದೆ, ಬೆಳಗ್ಗೆ ಬಾಗಿಲು ತೆಗೆದರೆ ಮೂಗಿಗೆ ಸೂಜಿ ಚುಚ್ಚಿದಂತೆ ಘಾಟು ಹೊಡೆದು ಕಣ್ಣಲ್ಲಿ ನೀರು ಬರುತ್ತದೆ. ಆ ಘಾಟಿನಲ್ಲೇ ಪೆಟ್ಟಿಗೆಗಳು ತಿಂಗಳುಗಟ್ಟಲೆ ಕೂತವು.

ಸೀಳು ಕಂಡಾಗ ಘಾಟಿನ ಕಡೆ ಯಾರ ಮನಸ್ಸೂ ಹೊರಳಲಿಲ್ಲ. ಹೊರಳುವುದಾದರೂ ಹೇಗೆ? ಲೋಹ ಒಡೆದರೆ ಲೋಹದ ಮೇಲೆ ಅನುಮಾನ ಬರುವುದು ಲೋಕದ ರೀತಿ. ಹಿತ್ತಾಳೆಗೆ ಏನಾದರೂ ಕಲಬೆರಕೆ ಸೇರಿರಬೇಕು, ಸತು ಕೆಟ್ಟದ್ದಿರಬೇಕು, ಅಚ್ಚಿನಲ್ಲಿ ಗೀಚಿಕೊಂಡಿರಬೇಕು. ಆದರೆ ಹಿತ್ತಾಳೆ ಕೆಟ್ಟದ್ದಾಗಿದ್ದರೆ ಪ್ರೆಸ್ಸಿನಲ್ಲಿ ಅಷ್ಟೆಲ್ಲ ಎಳೆಸಿಕೊಂಡಾಗಲೇ ಹರಿಯಬೇಕಿತ್ತಲ್ಲ? ತುಕ್ಕು ಎನ್ನೋಣವೆಂದರೆ ಚಿಪ್ಪಿನ ಮೈ ಮೇಲೆ ತುಕ್ಕಿನ ಲಕ್ಷಣವೇ ಇಲ್ಲ. ಸೀಳಿನ ಆಚೀಚೆ ಲೋಹ ಹೊಸದರಂತೆ ನುಣುಪಾಗಿತ್ತು. ಇನ್ನೂ ವಿಚಿತ್ರವೆಂದರೆ ಸೀಳಿನ ಅಂಚು. ಹಿತ್ತಾಳೆಯನ್ನು ಬಲವಂತವಾಗಿ ಹರಿದರೆ ಅದು ಮೊದಲು ಬಾಗುತ್ತದೆ, ಜಗ್ಗುತ್ತದೆ, ತೆಳುವಾಗಿ ಆಮೇಲೆ ಹರಿಯುತ್ತದೆ. ಇಲ್ಲಿ ಜಗ್ಗಿದ ಗುರುತೇ ಇರಲಿಲ್ಲ. ಮಣ್ಣಿನ ಕುಡಿಕೆ ಬಿರಿದ ಹಾಗೆ, ಗಾಜು ಬಿರಿದ ಹಾಗೆ ನೇರವಾಗಿ ಬಿರಿದಿತ್ತು. ಬಾಗಬಲ್ಲ ಲೋಹ ಬಾಗದೆ ಮುರಿದಿತ್ತು.

ಕಾಯಿಲೆ ಗೊತ್ತಾಗದಿದ್ದಾಗ ಮನುಷ್ಯ ಮಾಡುವ ಮೊದಲ ಕೆಲಸ ಹೆಸರಿಡುವುದು. ಈ ಕಾಯಿಲೆಗೆ ಸೀಸನ್ ಕ್ರ್ಯಾಕಿಂಗ್ ಎಂದು ಹೆಸರು ಬಿತ್ತು. ಸೀಸನ್ ಎಂದರೆ ಋತು, ಮಳೆಗಾಲದಲ್ಲಿ ಬರುವ ಬಿರುಕು ಎಂದು ಕೆಲವರ ವಿವರಣೆ. ಕಡಿದ ಮರದ ದಿಮ್ಮಿಯನ್ನು ಒಣಗಲು ಬಿಡುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಮಾತು. ಒಣಗುವಾಗ ದಿಮ್ಮಿ ತಾನಾಗೇ ಸೀಳು ಬಿಡುವಂತೆ ಹಿತ್ತಾಳೆಯೂ ಬಿಡುತ್ತದೆ ಎಂದು ಇನ್ನು ಕೆಲವರ ವಿವರಣೆ. ಎರಡರಲ್ಲಿ ಯಾವುದನ್ನು ಹಿಡಿದರೂ ಹೆಸರು ರೋಗದ ಲಕ್ಷಣವನ್ನು ಹೇಳಿತೇ ಹೊರತು ಕಾರಣವನ್ನಲ್ಲ. ಆದರೆ ಆ ದಿಮ್ಮಿಯ ಹೋಲಿಕೆಯಲ್ಲಿ ಅರ್ಧ ಸತ್ಯ ಇತ್ತು. ಹೆಸರಿಟ್ಟವರಿಗೆ ಅದು ತಿಳಿದಿರಲಿಕ್ಕಿಲ್ಲ.

ಕಾಯಿಲೆ ತೋಟಾಗಳಿಗಷ್ಟೇ ಅಂಟಿದ್ದೂ ಅಲ್ಲ. ಎಳೆದು, ಒತ್ತಿ, ತಿರುಚಿ ಮಾಡಿದ ಹಿತ್ತಾಳೆ ಸಾಮಾನುಗಳು ಅಲ್ಲಲ್ಲಿ ಇದ್ದಕ್ಕಿದ್ದಂತೆ ಬಿರಿಯುತ್ತಿದ್ದವು. ಕೊಳವೆ, ಸರಳು, ದೀಪದ ಬಿಡಿಭಾಗ, ಹೀಗೆ. 1910ರ ದಶಕದಲ್ಲಿ ನ್ಯೂಯಾರ್ಕ್ ನಗರಕ್ಕೆ ಕ್ಯಾಟ್‌ಸ್ಕಿಲ್ ಬೆಟ್ಟಗಳಿಂದ ನೀರು ತರುವ ಭಾರಿ ಯೋಜನೆ ನಡೆದಿತ್ತು. ತುಕ್ಕು ಹಿಡಿಯದಿರಲಿ ಎಂದು ಅದಕ್ಕೆ ದುಬಾರಿ ಹಿತ್ತಾಳೆ, ಕಂಚಿನ ಭಾಗಗಳನ್ನು ತರಿಸಿದ್ದರು. ಅವುಗಳಲ್ಲೂ ಸೀಳು ಕಾಣಿಸಿತು. ತುಕ್ಕಿನಿಂದ ಪಾರಾಗಲು ಕಾಸು ಸುರಿದವರಿಗೆ ತುಕ್ಕಿಗಿಂತ ಕೆಟ್ಟದ್ದು ವಕ್ಕರಿಸಿತ್ತು. ವಾಷಿಂಗ್ಟನ್ನಿನ ಮಾನಕ ಸಂಸ್ಥೆಯಲ್ಲಿ ಪಾಲ್ ಮೆರಿಕಾ ಮತ್ತು ಸಂಗಡಿಗರು ಬಿರಿದ ಹಿತ್ತಾಳೆಯನ್ನು ಹಿಡಿದು ಕೂತರು. ಲೋಹದೊಳಗೆ ಬಿಗಿ ಅಡಗಿರುತ್ತದೆ, ಅದಕ್ಕೂ ಈ ಬಿರುಕಿಗೂ ನಂಟಿದೆ ಎನ್ನುವ ಮಾತು ಅಲ್ಲೂ ಗಟ್ಟಿಯಾಗುತ್ತಿತ್ತು.

ಆ ಬಿಗಿಯನ್ನು ಬೆಳಕಿಗೆ ಎಳೆದವನು ಬರ್ಲಿನ್ನಿನ ಎಮಿಲ್ ಹೇನ್. ಲೋಹಗಳನ್ನು ಪರೀಕ್ಷಿಸುವ ಸರಕಾರಿ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಈತ ಕೇಳಿದ ಪ್ರಶ್ನೆ ಸರಳವಾಗಿತ್ತು: ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಸರಳಿನೊಳಗೆ ಯಾವ ಸೆಳೆತವೂ ಇಲ್ಲ ಎಂದು ಹೇಗೆ ಹೇಳುವುದು? ಹೊರಗಿನಿಂದ ಯಾರೂ ಎಳೆಯುತ್ತಿಲ್ಲ ಎಂದ ಮಾತ್ರಕ್ಕೆ ಒಳಗೆ ಜಗ್ಗಾಟ ಇರಬಾರದೆಂದೇನಿಲ್ಲ. ಆತ ತಣ್ಣಗೆ ಎಳೆದು ಮಾಡಿದ ಸರಳೊಂದನ್ನು ತೆಗೆದುಕೊಂಡು ಅದರ ಉದ್ದವನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆದ. ಲೇತಿಗೆ ಕಟ್ಟಿ ಹೊರಗಿನ ಒಂದು ತೆಳು ಪದರ ಹೆರೆದು ತೆಗೆದ. ಮತ್ತೆ ಅಳೆದ. ಸರಳಿನ ಉದ್ದ ಬದಲಾಗಿತ್ತು. ಮತ್ತೊಂದು ಪದರ ಹೆರೆದ. ಮತ್ತೆ ಬದಲಾಯಿತು. ಸಿಪ್ಪೆ ಸುಲಿದಂತೆಲ್ಲ ಒಳಗಿನ ತಿರುಳು ಉದ್ದವಾಗುತ್ತಿತ್ತು. ಹಾಗಾದರೆ ಹೊರಪದರ ಅದುವರೆಗೆ ತಿರುಳನ್ನು ಅದುಮಿ ಹಿಡಿದಿತ್ತು, ಹಿಡಿಯುವ ಭರದಲ್ಲಿ ತಾನು ಸೆಳೆತಕ್ಕೆ ಸಿಕ್ಕಿತ್ತು!

ಕೇಳುವವರಿಗೆ ಅರ್ಥವಾಗಲಿ ಎಂದು ಹೇನ್ ಸುರುಳಿ ಸ್ಪ್ರಿಂಗುಗಳ ಮಾದರಿ ಬಳಸಿದ. ಎರಡು ತಟ್ಟೆಗಳ ನಡುವೆ ನಡುವಿನದೊಂದು ಸ್ಪ್ರಿಂಗು ಅದುಮಿಸಿಕೊಂಡಿದೆ, ಅಂಚಿನವು ಜಗ್ಗಿಸಿಕೊಂಡಿವೆ. ಒಂದರ ಬಲ ಇನ್ನೊಂದರ ಬಲಕ್ಕೆ ಸರಿಹೋಗಿರುವುದರಿಂದ ಹೊರಗಿನಿಂದ ನೋಡಿದರೆ ಎಲ್ಲ ಶಾಂತ. ಅಂಚಿನದನ್ನು ಕತ್ತರಿಸಿದರೆ ಸಾಕು, ಇಡೀ ಸಂಸಾರ ಸೊಟ್ಟಗಾಗುತ್ತದೆ. ಎಳೆದು ಮಾಡಿದ ಹಿತ್ತಾಳೆಯೆಲ್ಲ ಹೀಗೇ, ಒಳಜಗಳವನ್ನು ಮುಚ್ಚಿಟ್ಟುಕೊಂಡು ನಗುಮುಖ ತೋರಿಸುವ ಮನೆ. ಚಿಪ್ಪಿನ ಕತ್ತು ಕಿರಿದಾಗಿಸುವಾಗ, ಬಾಯಿ ಬಿಗಿಯುವಾಗ ಆದದ್ದೂ ಇದೇ. ಗುಂಡು ಒಳಗಿನಿಂದ ಒತ್ತುತ್ತಿತ್ತು, ಹಿತ್ತಾಳೆ ಸುತ್ತಲಿನಿಂದ ಬಿಗಿದಿತ್ತು, ಆ ಬಿಗಿ ಹಗಲೂ ರಾತ್ರಿ ಅಲ್ಲೇ ಇತ್ತು.

ಹೇನ್‌ನ ಕೈಯಲ್ಲಿ ಇನ್ನೊಂದು ಸಾಧನ ಇತ್ತು, ನೋಡಲು ಮಾಟದಂತಿದ್ದದ್ದು. ಪಾದರಸದ ನೈಟ್ರೇಟ್ ಲವಣವನ್ನು ನೀರಿನಲ್ಲಿ ಕರಗಿಸಿ, ಅದರಲ್ಲಿ ಹಿತ್ತಾಳೆಯ ತುಂಡನ್ನು ಮುಳುಗಿಸುವುದು. ಹಳದಿ ಲೋಹದ ಮೇಲೆ ಪಾದರಸದ ಬೆಳ್ಳಿ ಬಣ್ಣದ ಪೊರೆ ಹರಡುತ್ತದೆ. ಲೋಹದೊಳಗೆ ಬಿಗಿ ಇಲ್ಲದಿದ್ದರೆ ಅಷ್ಟೇ, ಹಿತ್ತಾಳೆ ಬೆಳ್ಳಿಯಂತೆ ಮಿನುಗುತ್ತ ಕೂರುತ್ತದೆ. ಬಿಗಿ ಜೋರಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಕಣ್ಣೆದುರೇ ಬಾಯಿ ಬಿಡುತ್ತದೆ. ಲಾಯದಲ್ಲಿ ತಿಂಗಳು ಹಿಡಿದದ್ದು ಗಾಜಿನ ಲೋಟದಲ್ಲಿ ಒಂದು ಕಾಫಿ ಕುಡಿಯುವಷ್ಟರಲ್ಲಿ ನಡೆದುಹೋಗುತ್ತಿತ್ತು.

1914ರಲ್ಲಿ ಹೇನ್ ಲಂಡನ್ನಿಗೆ ಬಂದು ಅಲ್ಲಿನ ಲೋಹವಿಜ್ಞಾನಿಗಳ ಸಂಘದಲ್ಲಿ, ಪ್ರತಿವರ್ಷ ಮೇ ತಿಂಗಳಲ್ಲಿ ನಡೆಯುತ್ತಿದ್ದ ಗೌರವದ ಉಪನ್ಯಾಸ ಕೊಟ್ಟ. ವಿಷಯ, ತಣ್ಣಗೆ ಬಡಿದ ಲೋಹಗಳ ಒಳಬಿಗಿ ಮತ್ತು ಅದು ತರುವ ತೊಂದರೆಗಳು. ಜರ್ಮನ್ ಪಂಡಿತನೊಬ್ಬ ಇಂಗ್ಲಿಷರಿಗೆ ಅವರ ತೋಟಾದ ಕಾಯಿಲೆಯ ಅರ್ಧ ಗುಟ್ಟನ್ನು ಬಿಡಿಸಿ ಹೇಳಿ ಊರಿಗೆ ಮರಳಿದ. ಮೂರು ತಿಂಗಳೂ ಕಳೆಯಲಿಲ್ಲ, ಎರಡು ದೇಶಗಳ ನಡುವೆ ಯುದ್ಧ ಶುರುವಾಯಿತು.

ಯುದ್ಧ ಎಂದರೆ ತೋಟಾ, ಕೋಟಿಗಟ್ಟಲೆ ತೋಟಾ. ವುಲಿಚ್‌ನ ಶಸ್ತ್ರಾಗಾರ ಹಿಗ್ಗಿ ಹಿಗ್ಗಿ ಸುಮಾರು 80 ಸಾವಿರ ಜನ ದುಡಿಯುವ ಊರೇ ಆಯಿತು. ಸಾವಿರಾರು ಹೆಂಗಸರು ಅಲ್ಲಿ ಹಗಲು ರಾತ್ರಿ ಪಾಳಿಯಲ್ಲಿ ಮದ್ದು ತುಂಬಿದರು. ಇಷ್ಟೊಂದು ಹಿತ್ತಾಳೆಯಲ್ಲಿ ನೂರಕ್ಕೊಂದು ಕೈಕೊಟ್ಟರೂ ಅದು ದೊಡ್ಡ ಲೆಕ್ಕ. ಶಾಂತಿಕಾಲದಲ್ಲಿ ಕುತೂಹಲವಾಗಿದ್ದದ್ದು ಈಗ ಸಾವುಬದುಕಿನ ಮಾತಾಯಿತು. ಶಸ್ತ್ರಾಗಾರದ ಸಂಶೋಧನಾ ವಿಭಾಗದಲ್ಲಿ ಹೆರಾಲ್ಡ್ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು ಈ ಸೀಳಿನ ಬೆನ್ನು ಹತ್ತಿದರು.

ಅವರ ಮುಂದಿದ್ದ ಒಗಟು ಹೀಗಿತ್ತು. ಒಳಬಿಗಿ ಕಾರಣವೆಂದು ಒಪ್ಪಿಕೊಳ್ಳೋಣ. ಆದರೆ ಎಳೆದು ಮಾಡಿದ ಚಿಪ್ಪುಗಳಿಗೆಲ್ಲ ಬಿಗಿ ಇದೆ. ಎಲ್ಲವೂ ಸೀಳುವುದಿಲ್ಲವಲ್ಲ? ಒಂದೇ ಕಾರ್ಖಾನೆಯಲ್ಲಿ, ಒಂದೇ ಅಚ್ಚಿನಲ್ಲಿ, ಒಂದೇ ಹಿತ್ತಾಳೆಯಲ್ಲಿ ಮಾಡಿದವುಗಳಲ್ಲಿ ಒಂದು ವರ್ಷಗಟ್ಟಲೆ ಚೆನ್ನಾಗಿರುತ್ತದೆ, ಇನ್ನೊಂದು ಬಿರಿಯುತ್ತದೆ. ಬಿಗಿ ಒಂದೇ ಸಾಲದು ಎಂದಾಯಿತು. ಹೊರಗಿನಿಂದ ಯಾರೋ ಬಂದು ಬಾಗಿಲು ತಟ್ಟಬೇಕು. ಪಾದರಸ ತಟ್ಟಿದರೆ ತೆರೆಯುತ್ತದೆ, ಅದು ನಿಜ. ಆದರೆ ದಂಡಿನ ಉಗ್ರಾಣದಲ್ಲಿ ಪಾದರಸ ಎಲ್ಲಿಂದ ಬರಬೇಕು? ಪಾದರಸದ ಪರೀಕ್ಷೆ ಒಳಗೆ ಬಿಗಿ ಇದೆಯೇ ಎಂದು ಹೇಳುವ ವೈದ್ಯನಾಗಬಲ್ಲದು, ಕೊಂದವನು ಯಾರೆಂದು ಹೇಳುವ ಸಾಕ್ಷಿಯಾಗಲಾರದು.

ಹೀಗಾಗಿ ಕೆಲಸ ನಿಧಾನದ ದಾರಿ ಹಿಡಿಯಿತು. ಬಿಗಿ ತುಂಬಿದ ಹಿತ್ತಾಳೆಯನ್ನು ಬೇರೆ ಬೇರೆ ವಾತಾವರಣಕ್ಕೆ ಒಡ್ಡಿ ಕಾಯಬೇಕು. ಇಂಥ ಪರೀಕ್ಷೆಯಲ್ಲಿ ಮನುಷ್ಯನನ್ನು ಸೋಲಿಸುವುದು ಬುದ್ಧಿಯ ಕೊರತೆಯಲ್ಲ, ತಾಳ್ಮೆಯದು. ದಿನಾ ಬೆಳಗ್ಗೆ ಭೂತಗನ್ನಡಿ ಹಿಡಿದು ನೋಡುವುದು, ಏನೂ ಆಗಿಲ್ಲವೆಂದು ಬರೆಯುವುದು, ಮರುದಿನ ಮತ್ತೆ ನೋಡುವುದು. ಲೋಹವನ್ನು ಕಬಳಿಸುವುದರಲ್ಲಿ ಹೆಸರಾದವುಗಳು ಇಲ್ಲಿ ನಿರಾಸೆ ಮಾಡುವಂಥವು. ಆಮ್ಲ ಹಿತ್ತಾಳೆಯನ್ನು ಮೇಲಿನಿಂದ ಸಮನಾಗಿ ಸವೆಸುತ್ತದೆ, ಮಂಕು ಮಾಡುತ್ತದೆ. ಗಾಜಿನಂತೆ ನೇರವಾಗಿ ಸೀಳುವುದಕ್ಕೆ ಬೇರೆಯೇ ಜಾಣತನ ಬೇಕು, ಮೈಯನ್ನು ಮುಟ್ಟದೆ ಗೂಡಿಗೇ ಕೈ ಹಾಕುವಂಥದ್ದು.

ಆ ಜಾಣತನ ಇದ್ದದ್ದು ಅಮೋನಿಯಾಕ್ಕೆ. ಗಾಳಿಯಲ್ಲಿ ಅದರ ಲವಲೇಶ ಇದ್ದರೂ ಸಾಕಾಗಿತ್ತು. ಜೊತೆಗೆ ತೇವ ಇರಬೇಕು. ಬಿಗಿ ತುಂಬಿದ ಹಿತ್ತಾಳೆ ಅದರಲ್ಲಿ ಸೀಳಿತು, ಸಹಜವಾಗಿ ಸೀಳಿದ ಚಿಪ್ಪುಗಳಂತೆಯೇ ಸೀಳಿತು. ಅದೇ ಹಿತ್ತಾಳೆಯನ್ನು ಕಾಯಿಸಿ ಬಿಗಿ ಇಳಿಸಿ ಇಟ್ಟರೆ ಅಮೋನಿಯಾ ಅದರ ಮೈ ಬಣ್ಣ ಕೆಡಿಸಿತೇ ಹೊರತು ಬಿರುಕು ಬಿಡಿಸಲಾರದೆ ಹೋಯಿತು. ಬಿಗಿ ಇದ್ದು ಅಮೋನಿಯಾ ಇಲ್ಲದಿದ್ದರೂ ಇಲ್ಲ, ಅಮೋನಿಯಾ ಇದ್ದು ಬಿಗಿ ಇಲ್ಲದಿದ್ದರೂ ಇಲ್ಲ. ಎರಡೂ ಒಂದೇ ಸೂರಿನಡಿ ಕೂಡಿದಾಗ ಮಾತ್ರ ಸೀಳು.

ಆಗ ಹಳೆಯ ಲಾಯದ ಬಾಗಿಲು ತೆರೆದುಕೊಂಡಿತು. ಕುದುರೆಯ ಉಚ್ಚೆ ಹಾಸುಹುಲ್ಲಿನಲ್ಲಿ ಇಂಗಿ, ಅದರ ಯೂರಿಯಾವನ್ನು ಸೂಕ್ಷ್ಮಜೀವಿಗಳು ಒಡೆದಾಗ ಹುಟ್ಟುವುದು ಅಮೋನಿಯಾ. ಬೆಳಗಿನ ಆ ಘಾಟು ಅದೇ. ಕಲಾಯಿಯವನು ಕಾದ ಪಾತ್ರೆಯೊಳಗೆ ನವಸಾಗರದ ಪುಡಿ ಉದುರಿಸಿದಾಗ ಮೂಗಿಗೆ ಬಡಿಯುವ ಬಿಳಿ ಹೊಗೆಯಲ್ಲೂ ಅದರದೇ ನಂಟು. ಮಳೆಗಾಲ ತೇವ ಒದಗಿಸಿತ್ತು, ಕುದುರೆ ಅಮೋನಿಯಾ ಒದಗಿಸಿತ್ತು, ಸಾವಿರಾರು ಮೈಲಿ ದೂರದ ಕಾರ್ಖಾನೆ ಬಿಗಿಯನ್ನು ತುಂಬಿ ಕಳಿಸಿತ್ತು. ಸೀಳು ಹೆಚ್ಚಾಗಿ ಬಾಯಂಚಿನಲ್ಲೇ ಏಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ಬಿಗಿ ಹೆಚ್ಚಿದ್ದದ್ದು ಅಲ್ಲೇ.

ಮೂವರೂ ಸೇರಿ ಬರೆದ ಪ್ರಬಂಧ 1921ರಲ್ಲಿ, ಹೇನ್ ಉಪನ್ಯಾಸ ಕೊಟ್ಟಿದ್ದ ಅದೇ ಸಂಘದ ಪತ್ರಿಕೆಯಲ್ಲಿ ಬಂತು. ಅದರ ಮೇಲಿನ ಚರ್ಚೆಯೂ ಸೇರಿ ನೂರು ಪುಟ ಮೀರಿತ್ತು. ಕೂದಲೆಳೆಯಷ್ಟು ಸೀಳಿಗೆ ನೂರು ಪುಟ! ಮರುವರ್ಷ ಬರ್ಲಿನ್ನಿನಲ್ಲಿ ಹೇನ್ ತೀರಿಕೊಂಡ.

ಒಳಗೆ ನಡೆಯುವುದನ್ನು ಹೀಗೆ ಹೇಳಬಹುದು. ಲೋಹ ಎಂದರೆ ಸಣ್ಣ ಸಣ್ಣ ಹರಳುಗಳು ಒತ್ತೊತ್ತಾಗಿ ಕೂತ ಗೋಡೆ. ತೇವ, ಗಾಳಿಯ ಆಮ್ಲಜನಕ, ಅಮೋನಿಯಾ ಮೂರೂ ಸೇರಿದಾಗ ತಾಮ್ರ ಕರಗುವ ರೂಪ ತಾಳುತ್ತದೆ. ಬಿಗಿ ಇರುವ ಕಡೆ ಹರಳುಗಳ ಸಂದಿನಲ್ಲೇ ಮೊದಲು ಬಾಯಿ ಬೀಳುತ್ತದೆ. ಕರಗಿದ್ದು ತೊಳೆದುಹೋಗುತ್ತದೆ, ಬಿಗಿ ಬಿರುಕಿನ ತುದಿಯನ್ನು ಇನ್ನಷ್ಟು ಅಗಲಿಸುತ್ತದೆ, ಅಲ್ಲಿ ಹೊಸ ಲೋಹ ತೆರೆದುಕೊಳ್ಳುತ್ತದೆ, ಮತ್ತೆ ಕರಗುತ್ತದೆ. ತುದಿಯ ಹೊರತು ಉಳಿದ ಮೈ ಹೊಳೆಯುತ್ತಲೇ ಇರುತ್ತದೆ. ಹಿತ್ತಾಳೆಯಲ್ಲಿ ಸತು ನೂರಕ್ಕೆ ಹದಿನೈದಕ್ಕಿಂತ ಕಡಿಮೆಯಿದ್ದರೆ ಈ ಕಾಟ ಬಹುಮಟ್ಟಿಗೆ ಇಲ್ಲ. ತೋಟಾದ ಹಿತ್ತಾಳೆಯಲ್ಲಿ ಅದರ ಎರಡು ಪಟ್ಟು. ತಾಮ್ರ ಅಮೋನಿಯಾದಲ್ಲಿ ಕರಗಿ ಆಗುವ ಕಡುನೀಲಿ ದ್ರವವನ್ನು ಸ್ವಿಸ್ ರಸಾಯನಶಾಸ್ತ್ರಜ್ಞ ಷ್ವೈಟ್ಸರ್ ಆಗಲೇ ಪರಿಚಯಿಸಿದ್ದ. ಹತ್ತಿಯ ನಾರು, ಕಾಗದ ಅದರಲ್ಲಿ ಕರಗಿಹೋಗುತ್ತವೆ ಎಂದು ಆತ ತೋರಿಸಿದ್ದು 1857ರಲ್ಲಿ. ಕಾಗದದ ತೋಟಾಕ್ಕೆ ಹಿಂದೂಸ್ತಾನ ಹೊತ್ತಿ ಉರಿದ ವರ್ಷ.

ಮದ್ದು ಕೊನೆಗೆ ಕಂಚುಗಾರನ ಒಲೆಯೇ ಆಯಿತು, ಮಂದ ಉರಿಯದ್ದು. ಹಿತ್ತಾಳೆಯನ್ನು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಒಳಬಿಗಿ ಇಳಿಯುತ್ತದೆ, ಲೋಹದ ಗಡಸುತನ ಮಾತ್ರ ಹಾಗೇ ಉಳಿಯುತ್ತದೆ. ತೋಟಾದ ಕತ್ತನ್ನಂತೂ ಇನ್ನೂ ಹೆಚ್ಚಿನ ಶಾಖಕ್ಕೆ, ಉರಿಯ ನಾಲಗೆಗೇ ಕ್ಷಣಕಾಲ ಒಡ್ಡಿ ಹದ ಮಾಡುವುದು ರೂಢಿಗೆ ಬಂತು. ಉರಿ ತಾಗಿದ ಜಾಗದಲ್ಲಿ ಹಿತ್ತಾಳೆಗೆ ನವಿಲುಗರಿಯಂತೆ ನೀಲಿ, ನೇರಳೆ, ಕಂದು ಬಣ್ಣದ ಛಾಯೆ ಬರುತ್ತದೆ. ಅಂಗಡಿಯಲ್ಲಿ ಮಾರುವ ತೋಟಾಗಳಿಗೆ ಅದನ್ನು ಉಜ್ಜಿ ತೆಗೆದು ಥಳಥಳ ಮಾಡಿದರು. ಅಮೆರಿಕದ ಸೈನ್ಯದ ತೋಟಾಗಳಲ್ಲಿ ಆ ಕಲೆಯನ್ನು ಹಾಗೇ ಬಿಟ್ಟರು. ಹದ ಮಾಡಿದ್ದಕ್ಕೆ ಕಣ್ಣಿಗೆ ಕಾಣುವ ರುಜು ಅದು.

ಪಿಸ್ತೂಲಿನ ಖಾಲಿ ಚಿಪ್ಪುಗಳನ್ನು ಆರಿಸಿ ತಂದು ಮತ್ತೆ ತುಂಬುವ ಅಮೆರಿಕದ ಹವ್ಯಾಸಿ ಗುರಿಕಾರರಿಗೆ ಈ ಪಾಠ ಬೇರೆ ದಾರಿಯಿಂದ ಮುಟ್ಟಿತು. ನೆಲಕ್ಕೆ ಬಿದ್ದು ನೆಗ್ಗಿದ ಬಾಯಿ, ಬೂಟಿನಡಿ ಸಿಕ್ಕಿ ಮೊಟ್ಟೆಯಾಕಾರ ತಾಳಿದ ಅಂಚು, ಕಲ್ಲಿಗೆ ಉಜ್ಜಿದ ಗೀರು, ಇವುಗಳಿಗೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಅಚ್ಚಿನೊಳಗೆ ತೂರಿಸಿದರೆ ಬಾಯಿ ಮತ್ತೆ ದುಂಡಗಾಗುತ್ತಿತ್ತು. ಅವರು ಹೆದರಿದ್ದು ಸೀಳಿಗೆ. ತುಂಬುವ ಪ್ರತಿ ಸರದಿಯಲ್ಲೂ ಚಿಪ್ಪನ್ನು ಅದುಮಿ, ಬಾಯಿ ಅಗಲಿಸಿ, ಗುಂಡಿಟ್ಟು ಮತ್ತೆ ಬಿಗಿಯುತ್ತಿದ್ದರು. ತಣ್ಣಗಿನ ಕೆಲಸದ ಬಿಗಿ ಪದರದ ಮೇಲೆ ಪದರವಾಗಿ ಬಾಯಂಚಿನಲ್ಲೇ ಕೂರುತ್ತಿತ್ತು. ಮಸಿ ಹಿಡಿದ ಚಿಪ್ಪನ್ನು ಬೆಳಗಲು ಅಮೋನಿಯಾ ಸೇರಿದ ಹಿತ್ತಾಳೆ ಪಾಲಿಷನ್ನು ಮುಟ್ಟಬೇಡಿ ಎಂಬ ಎಚ್ಚರಿಕೆ ಹಳಬರಿಂದ ಹೊಸಬರಿಗೆ ಬಾಯಿಂದ ಬಾಯಿಗೆ ದಾಟಿತು. ಹಾಗೆ ಹೇಳಿದ ಎಲ್ಲರಿಗೂ ಲಾಯದ ಕತೆ ಗೊತ್ತಿತ್ತೆಂದು ತೋರುವುದಿಲ್ಲ.

ಸೀಳಿದ್ದನ್ನು ಆರಿಸಲು ಅವರು ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬಿದರು. ತೊಳೆದು ಒಣಗಿಸಿದ ಚಿಪ್ಪುಗಳನ್ನು ಒಂದು ಹಿಡಿ ಬೊಗಸೆಗೆ ತೆಗೆದುಕೊಂಡು ಮೆಲ್ಲಗೆ ಕುಲುಕಿದರು. ಗಟ್ಟಿಯಿದ್ದವು ಒಂದಕ್ಕೊಂದು ತಾಗಿ ಗೆಜ್ಜೆಯಂತೆ ಕಿಣಿಕಿಣಿ ಎಂದವು. ಅವುಗಳ ನಡುವೆ ಎಲ್ಲೋ ಒಂದು, ಸಂತೆಯಲ್ಲಿ ಬೆರಳಿನಿಂದ ತಟ್ಟಿ ನೋಡಿದಾಗ ಒಡಕು ಮಡಕೆ ಕೊಡುವಂಥ ಮಂದ ಸದ್ದು ಮಾಡಿತು. ಬೊಗಸೆಯನ್ನು ಮೇಜಿನ ಮೇಲೆ ಸುರಿದು ಒಂದೊಂದನ್ನೇ ದೀಪಕ್ಕೆ ಹಿಡಿದಾಗ ಅದು ಸಿಕ್ಕಿತು, ಬಾಯಂಚಿನಿಂದ ಇಳಿದ ಕೂದಲೆಳೆಯಷ್ಟು ಕಪ್ಪು ಗೆರೆ. ಇನ್ಯಾರೂ ತಪ್ಪಿ ಬಳಸದಿರಲಿ ಎಂದು ಅದರ ಬಾಯನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿ ಗುಜರಿ ಡಬ್ಬಕ್ಕೆ ಎಸೆದರು.